ಮಿಕ್ಕ ಹೊತ್ತಿನ ಬೂಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಸಾಲು. ಹೊಲಿಗೆ ಯಂತ್ರದ ಕಂಪನಿಯವರು ಕಳಿಸಿದ ಕಾಗದದ ಎರಡನೇ ಪುಟದಲ್ಲಿ, ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ ಅದು ಇತ್ತು: ‘ಸ್ಕೀ ಬೂಟುಗಳನ್ನು ಸ್ಥಳದಲ್ಲೇ ಒದಗಿಸಲಾಗುವುದು. ಮಿಕ್ಕ ಹೊತ್ತಿಗೆ ತಕ್ಕ ಪಾದರಕ್ಷೆಯನ್ನು ತಾವೇ ತರತಕ್ಕದ್ದು.’

ಬೇರೆ ಯಾರಾದರೂ ಆಗಿದ್ದರೆ ಇದನ್ನು ಓದಿ, ಮನೆಯಲ್ಲಿದ್ದ ಬೂಟಿನ ಧೂಳು ಕೊಡವಿ ಸುಮ್ಮನಾಗುತ್ತಿದ್ದರು. ಆದರೆ ಓದಿದವರು ಉಗ್ರಾಣಿಗಳು. ಊರಿನ ನೀರು ಸರಬರಾಜು ಕಚೇರಿಯ ಉಗ್ರಾಣವನ್ನು ಮೂವತ್ತೊಂದು ವರ್ಷದಿಂದ ಕಾದವರು. ಅಲ್ಲಿ ನಲ್ಲಿಯ ವಾಷರ್ ಕೂಡ ಪರೀಕ್ಷೆಯಾಗದೆ ಒಳಗೆ ಬಂದದ್ದಿಲ್ಲ. ಹೊಸ ಪೈಪು ಬಂದರೆ ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೋ ಎಂದು ಕಣ್ಣು ಮಿಟುಕಿಸದೆ ನೋಡಿ, ನೀಲಿ ರಟ್ಟಿನ ಪುಸ್ತಕದಲ್ಲಿ ‘ಪಾಸು’ ಅಥವಾ ‘ಫೇಲು’ ಎಂದು ಬರೆದು ರುಜು ಹಾಕಿದ ಮೇಲೇ ಅದಕ್ಕೆ ಕಪಾಟಿನಲ್ಲಿ ಜಾಗ. ತಮ್ಮ ಮದುವೆಯ ದಿನವೂ ಅವರು ಕುರ್ಚಿಯನ್ನು ನಾಲ್ಕು ಕಡೆಗೆ ಅಲ್ಲಾಡಿಸಿ ನೋಡಿಯೇ ಕೂತದ್ದು.

ಬಹುಮಾನ ಬಂದದ್ದು ಅವರಿಗಲ್ಲ, ಹೆಂಡತಿಗೆ. ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವ ಆಕೆ ಹೊಸ ಯಂತ್ರ ಕೊಂಡಾಗ ಒಂದು ಚೀಟಿ ತುಂಬಿ ಡಬ್ಬಕ್ಕೆ ಹಾಕಿದ್ದರು. ಆ ಚೀಟಿಗೇ ಬಹುಮಾನ ಎದ್ದಿತು: ಹಿಮದ ಬೆಟ್ಟದಲ್ಲಿ ಇಬ್ಬರಿಗೆ ಐದು ದಿನದ ಸ್ಕೀ ರಜೆ. ಸ್ಕೀ ಎಂದರೆ ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು. ಬಚ್ಚಲುಮನೆಯಲ್ಲಿ ಪುಕ್ಕಟೆ ಆಗುವ ಕೆಲಸಕ್ಕೆ ಜನ ಅಷ್ಟು ದೂರ ಯಾಕೆ ಹೋಗುತ್ತಾರೆ ಎಂಬುದು ಉಗ್ರಾಣಿಗಳ ತಲೆಗೆ ಹೋಗಲಿಲ್ಲ. ಆದರೆ ಹೆಂಡತಿ ಆ ಕಾಗದವನ್ನು ಎದೆಗೆ ಒತ್ತಿಕೊಂಡು ಕೂತದ್ದನ್ನು ಕಂಡು ಬಾಯಿ ಮುಚ್ಚಿಕೊಂಡರು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಆಕೆ ವಿಹಾರಕ್ಕೆಂದು ಊರು ದಾಟಿದ್ದೇ ಇಲ್ಲ.

ಹೊರಟಿರಲಿಲ್ಲ ಎಂದಲ್ಲ. ಒಮ್ಮೆ ಸಮುದ್ರ ನೋಡಲು ಹೊರಟಿದ್ದರು. ಕಚೇರಿಗೂ ಬೀದಿಗೂ ಡಂಗುರ ಸಾರಿಯೇ ಹೊರಟದ್ದು. ರೈಲು ನಿಲ್ದಾಣದಲ್ಲಿ ಉಗ್ರಾಣಿಗಳಿಗೆ ಪೆಟ್ಟಿಗೆಯ ಬೀಗದ ಮೇಲೆ ಅನುಮಾನ ಬಂತು. ಪರೀಕ್ಷೆ ಮಾಡಿದರು. ಬೀಗ ಗಟ್ಟಿಯಾಗಿಯೇ ಇತ್ತು. ಕೀಲಿಕೈ ಮತ್ತು ಟಿಕೆಟ್ಟು ಒಳಗಿದ್ದವು. ರೈಲು ಹೋಯಿತು. ಯಾವ ಮುಖ ಹೊತ್ತು ಬೀದಿಗೆ ಬರುವುದೆಂದು ಗಂಡ ಹೆಂಡತಿ ಕದ್ದು ಮನೆಗೆ ವಾಪಸಾಗಿ, ಕಿಟಕಿ ಮುಚ್ಚಿ, ಕುಕ್ಕರಿನ ಸೀಟಿ ಕೆಳಮನೆಗೆ ಕೇಳೀತೆಂದು ಹೆದರಿ ನಾಲ್ಕು ದಿನ ಬರೀ ಬ್ರೆಡ್ಡು ತಿಂದರು. ಐದನೇ ದಿನ ಪೆಟ್ಟಿಗೆ ಹಿಡಿದು ‘ಊರಿಂದ ಬಂದಾಗ’ ಕೆಳಮನೆಯ ದೊಡ್ಡಮ್ಮ ಬಾಗಿಲಲ್ಲೇ ಹಿಡಿದು, “ಸಮುದ್ರ ಹೇಗಿತ್ತಪ್ಪಾ?” ಎಂದು ಕೇಳಿದರು. ಉಗ್ರಾಣಿಗಳು ಬಹಳ ಯೋಚಿಸಿ, “ನೀರು ಜಾಸ್ತಿ ಇತ್ತು” ಎಂದಿದ್ದರು.

ಹೀಗಾಗಿ ಈ ಸಲ ಹೆಂಡತಿ ಮೊದಲೇ ಬೆರಳು ಮಡಿಸಿ ಹೇಳಿಬಿಟ್ಟರು.

“ನೋಡ್ರೀ, ಎರಡೇ ಮಾತು. ಒಂದು, ಹೋಗಿ ಬರೋ ತನಕ ಯಾರ ಹತ್ರಾನೂ ತುಟಿ ಪಿಟಕ್ ಅನ್ನಬಾರದು. ಎರಡು, ಈ ಮನೆಯೊಳಗೆ ಯಾವ ಪರೀಕ್ಷೇನೂ ನಡೀಬಾರದು. ಈ ಸಲಾನೂ ತಪ್ಪಿಹೋದ್ರೆ ನಾನು ಇನ್ನು ಮೇಲೆ ಯಾವ ಚೀಟೀನೂ ತುಂಬೋದಿಲ್ಲ.”

ಜಗಳವಾಡಿದ್ದರೆ ಉಗ್ರಾಣಿಗಳು ತಡೆದುಕೊಳ್ಳುತ್ತಿದ್ದರು. ಆಕೆ ಜಗಳವಾಡದೆ, ಗುಂಡಿ ಹೊಲಿಯುತ್ತ, ಮೆಲ್ಲಗೆ ಹೇಳಿದ್ದನ್ನು ಅವರಿಗೆ ತಳ್ಳಿಹಾಕಲಾಗಲಿಲ್ಲ. ಆಗಲೆಂದು ಮಾತು ಕೊಟ್ಟರು. ಮರುದಿನ ‘ಸ್ವಂತ ಕೆಲಸದ ನಿಮಿತ್ತ’ ಎಂದು ಬರೆದು ಒಂದು ವಾರದ ರಜಾ ಅರ್ಜಿ ಕೊಟ್ಟರು. ಕಚೇರಿಯ ಸಾಹೇಬರಿಗೆ ವಿಹಾರಕ್ಕೆ ಹೋಗುವವರನ್ನು ಕಂಡರೆ ಆಗುತ್ತಿರಲಿಲ್ಲ. ವಿಹಾರ ಎಂದು ಬರೆದವರ ಅರ್ಜಿಗಳು ಅವರ ಮೇಜಿನ ಕೆಳಗಿನ ಖಾನೆಯಲ್ಲಿ ಇಂದಿಗೂ ಇವೆ.

ಎಲ್ಲ ಸರಿ. ಆದರೆ ಆ ಸಾಲು? ಉಗ್ರಾಣಿಗಳು ಲೆಕ್ಕ ಹಾಕಿದರು. ಸ್ಕೀ ಮಾಡುವುದು ದಿನಕ್ಕೆ ಎರಡು ಗಂಟೆ, ಅದೂ ಹೆಂಡತಿ. ಮಿಕ್ಕ ಹೊತ್ತು ಇಪ್ಪತ್ತೆರಡು ಗಂಟೆ. ಅವರ ಪಾಲಿಗಂತೂ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಮಿಕ್ಕ ಹೊತ್ತೇ. ಇಂಥಾದ್ದರಲ್ಲಿ ಎರಡು ಗಂಟೆಯ ಬೂಟಿಗೆ ಕಂಪನಿ ಜವಾಬ್ದಾರಿ, ಇಪ್ಪತ್ತೆರಡು ಗಂಟೆಯ ಬೂಟಿಗೆ ಹೇಳುವವರು ಕೇಳುವವರು ಇಲ್ಲ! ‘ತಕ್ಕ’ ಎಂದರೆ ಯಾವುದಕ್ಕೆ ತಕ್ಕ, ಎಷ್ಟು ತಕ್ಕ?

ಬೂಟಿನ ಅಂಗಡಿಯವನು ಮೊದಲು ಕೇಳಿದ್ದೇ ಕೇಳಬಾರದ ಪ್ರಶ್ನೆ.

“ಎಲ್ಲಿಗೆ ಹೊರಟಿದೀರಿ ಸಾರ್?”

“ಎಲ್ಲಿಗೂ ಇಲ್ಲ. ತಣ್ಣಗಿರೋ ಕಡೆ ನಿಂತ್ಕೋಬೇಕು, ಅಷ್ಟೆ.”

“ಕೋಲ್ಡ್ ಸ್ಟೋರೇಜಲ್ಲಿ ಕೆಲಸಾನಾ?”

“ಹಾಗೇ ಅಂದ್ಕೊಳ್ಳಿ.”

ಅಂಗಡಿಯವನು ಮೊದಲು ತೋರಿಸಿದ್ದು ಮೊಣಕಾಲುದ್ದದ ಬೂಟು, ಒಳಗೂ ತುಪ್ಪಳ, ಹೊರಗೂ ತುಪ್ಪಳ. ಉಗ್ರಾಣಿಗಳು ಅದನ್ನು ಸವರಿ, “ಇದನ್ನ ಹಾಕ್ಕೋಬೇಕೋ, ಸಾಕ್ಕೋಬೇಕೋ?” ಎಂದರು. ಎರಡನೆಯದು ರಬ್ಬರಿನ ಗಂಬೂಟು. ನೀರು ಒಳಗೆ ಬರುವುದೇ ಇಲ್ಲ ಎಂದು ಅಂಗಡಿಯವನು ಎದೆ ತಟ್ಟಿಕೊಂಡ. “ಬೆವರು ಹೊರಗೆ ಹೋಗುತ್ತೋ?” ಎಂದು ಕೇಳಿದ್ದಕ್ಕೆ ಅವನ ಕೈ ಎದೆಯಿಂದ ಕೆಳಗಿಳಿಯಿತು. ಮೂರನೆಯದು ಕಂದು ಬಣ್ಣದ್ದು, ಹರಡಿನ ಮೇಲಕ್ಕೆ ಬರುವಂಥದ್ದು, ಒಳಗೆ ಉಣ್ಣೆಯ ಪದರ, ಅಟ್ಟೆಯಲ್ಲಿ ಆಳವಾದ ಹಲ್ಲು. ಎರಡು ಜೊತೆ ದಪ್ಪ ಕಾಲುಚೀಲದ ಮೇಲೆ ಹಾಕಿ ನೋಡಿದರು. ಬೆರಳು ಆಡುತ್ತಿದ್ದವು.

“ಸೋರೋದಿಲ್ಲ ಅಂತ ಬರ್ದು ಕೊಡ್ತೀರಾ?”

“ಸಾರ್, ನಾನು ಬೂಟು ಮಾರೋನು, ಅಣೆಕಟ್ಟು ಕಟ್ಟೋನಲ್ಲ. ಒಂದು ಮಾತು ಹೇಳ್ತೀನಿ ಕೇಳಿ. ಹೊಸದು ಕಚ್ಚುತ್ತೆ. ಹೋಗೋಕೆ ಮುಂಚೆ ಒಂದು ಹದಿನೈದು ದಿನ ಹಾಕ್ಕೊಂಡು ಓಡಾಡಿ, ಪಳಗುತ್ತೆ.”

ಹೆಂಡತಿಗೂ ಅದೇ ನಮೂನೆಯದು ಒಂದು ಜೊತೆ ಕಟ್ಟಿಸಿಕೊಂಡರು. ಮನೆಯಲ್ಲಿ ಪರೀಕ್ಷೆ ನಿಷಿದ್ಧ. ಹಾಗಾಗಿ ಪಳಗಿಸುವ ಕೆಲಸ ಕಚೇರಿಯಲ್ಲೇ ಶುರುವಾಯಿತು. ಎಲ್ಲರೂ ಸೆಖೆಗೆ ಕಾಗದ ಬೀಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಉಗ್ರಾಣಿಗಳು ಉಣ್ಣೆಯ ಬೂಟು ಹಾಕಿಕೊಂಡು, ಅದು ಕಚ್ಚಿದ್ದರಿಂದ ಒಂದು ಕಾಲು ಎಳೆಯುತ್ತ, ಉಗ್ರಾಣಕ್ಕೆ ನಡೆದುಬಂದರು.

“ಕಾಲಿಗೆ ಏನಾಯ್ತು?” ಎಂದು ಟೈಪಿಸ್ಟಮ್ಮ ಕೇಳಿದರು.

“ಏನೂ ಇಲ್ಲ.”

ಏನೂ ಇಲ್ಲ ಎನ್ನುವವರಿಗೇ ಏನೋ ಇರುತ್ತದೆ ಎಂಬುದು ಟೈಪಿಸ್ಟಮ್ಮನ ಜೀವನಾನುಭವ. ಆಕೆ ಕಣ್ಣಿಟ್ಟರು. ಮೂರನೇ ದಿನ ಊಟದ ಬಿಡುವಿನಲ್ಲಿ, ಟೈಪ್ ಮಾಡುವ ಕಾಗದ ಬೇಕೆಂಬ ನೆಪದಲ್ಲಿ ಉಗ್ರಾಣಕ್ಕೆ ಹೋದವರು ಬಾಗಿಲಲ್ಲೇ ನಿಂತುಬಿಟ್ಟರು. ಪೈಪು ಮುಳುಗಿಸುವ ತೊಟ್ಟಿಯಲ್ಲಿ ಹರಡಿನ ಮಟ್ಟಕ್ಕೆ ನೀರು. ನೀರಿನಲ್ಲಿ ಉಗ್ರಾಣಿಗಳು. ಪ್ಯಾಂಟು ಮಂಡಿಗೆ ಮಡಿಸಿ, ಬೂಟುಸಮೇತ ನಿಂತು, ಒಂದು ಕೈಯಲ್ಲಿ ನೀಲಿ ಪುಸ್ತಕ ಹಿಡಿದು ಗಡಿಯಾರ ನೋಡುತ್ತಿದ್ದಾರೆ. ಪುಸ್ತಕ ಕಚೇರಿಯದಲ್ಲ, ಅದೇ ನಮೂನೆಯದನ್ನು ಅವರೇ ಸ್ವಂತಕ್ಕೆ ಕೊಂಡದ್ದು. ನಿಯಮ ಎಂದರೆ ನಿಯಮ.

“ಹೀಗೆ ಎಷ್ಟು ಹೊತ್ತು ನಿಲ್ಲಬೇಕು?” ಎಂದರು ಟೈಪಿಸ್ಟಮ್ಮ, ದನಿ ಇಳಿಸಿ.

“ನಲವತ್ತೈದು ನಿಮಿಷ.”

“ದಿನಾಲೂನಾ?”

“ಇಲ್ಲ. ನಾಳೆ ಮಂಜುಗಡ್ಡೆ ಮೇಲೆ ನಿಲ್ಲಬೇಕು.”

ಟೈಪಿಸ್ಟಮ್ಮ ಬಾಯಿಗೆ ಕೈ ಅಡ್ಡ ಹಿಡಿದು, ಕಾಗದ ತೆಗೆದುಕೊಳ್ಳದೆ ಓಡಿದರು. ಆಕೆಯ ದೂರದ ಮಾವನೊಬ್ಬರಿಗೆ ಹಿಂದೆ ಪಾದದಲ್ಲಿ ಬೆಂಕಿಯಂಥ ಉರಿ ಎದ್ದು, ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ವರ್ಷ ಕಳೆದಿದ್ದರಂತೆ. ಉಗ್ರಾಣಿಗಳ ನಲವತ್ತೈದು ನಿಮಿಷ ಮುಗಿಯುವಷ್ಟರಲ್ಲಿ ರೋಗಕ್ಕೆ ‘ಉರಿಪಾದ’ ಎಂದು ಹೆಸರಾಗಿತ್ತು. ಬೂಟು ಡಾಕ್ಟರು ಕೊಟ್ಟದ್ದಾಗಿತ್ತು. ‘ಸ್ವಂತ ಕೆಲಸ’ದ ರಜೆ ಆಪರೇಷನ್ನಿಗಾಗಿತ್ತು. ಅತ್ತ ತೊಟ್ಟಿಯಿಂದ ಇಳಿದ ಉಗ್ರಾಣಿಗಳು ಕಾಲುಚೀಲ ಹಿಂಡಿ ನೋಡಿ, ಒಂದು ಹನಿಯೂ ಬೀಳದಿರಲು ಪರಮಾನಂದದಿಂದ ‘ಪಾಸು’ ಎಂದು ಬರೆದರು.

ಮಾರನೇ ದಿನ ಸಂಜೆ ಐಸ್ ಕಾರ್ಖಾನೆಗೆ ಹೋಗಿ, ಒಂದು ದೊಡ್ಡ ಗಡ್ಡೆಯ ಮೇಲೆ ನಿಲ್ಲಲು ಅಪ್ಪಣೆ ಕೇಳಿದರು. ಮಾಲೀಕ ಅವರನ್ನು ಮೇಲಿಂದ ಕೆಳಗೆ ನೋಡಿ, “ನಿಂತ್ಕೊಳ್ಳಿ, ನಮ್ಮಪ್ಪನ ಗಂಟೇನು ಹೋಗಬೇಕು” ಎಂದ. ಉಗ್ರಾಣಿಗಳು ಹತ್ತಿದರು. ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಇಟ್ಟರು. ಜಾರಲಿಲ್ಲ. ಸಂತೋಷ ತಡೆಯಲಾರದೆ ಕಣ್ಣು ಮುಚ್ಚಿ “ಆಹಾ” ಎಂದರು. ಸರಿಯಾಗಿ ಆ ‘ಆಹಾ’ಕ್ಕೆ, ಮಾರುಕಟ್ಟೆಯಿಂದ ಬರುತ್ತಿದ್ದ ಕೆಳಮನೆಯ ದೊಡ್ಡಮ್ಮ ಕಾರ್ಖಾನೆಯ ತೆರೆದ ಬಾಗಿಲ ಮುಂದೆ ಹಾದುಹೋಗಬೇಕೆ!

ದೊಡ್ಡಮ್ಮ ನೇರವಾಗಿ ಮಹಡಿ ಹತ್ತಿ, ಹೊಲಿಯುತ್ತಿದ್ದ ಹೆಂಡತಿಯ ಕೈ ಹಿಡಿದುಕೊಂಡು ಕೂತರು.

“ಉರಿಪಾದ ಅಂತ ಮಾರುಕಟ್ಟೇಲೆಲ್ಲಾ ಹೇಳ್ತಿದಾರೆ, ಎಲ್ಲಾ ಗೊತ್ತಾಯ್ತು ಮಗಳೇ. ಒಬ್ಬಳೇ ಎಷ್ಟು ಅಂತ ನುಂಗ್ಕೊಳ್ತೀಯ? ಪಾಪ, ಆ ಮನುಷ್ಯ ಐಸ್ ಮೇಲೆ ನಿಂತು ‘ಆಹಾ’ ಅಂತಿದ್ದದ್ದನ್ನ ಈ ಕಣ್ಣಿಂದ ನೋಡ್ದೆ.”

ಹೆಂಡತಿಗೆ ಐಸ್ ಎಂದ ಕೂಡಲೇ ಎಲ್ಲವೂ ಹೊಳೆಯಿತು. ಗಂಡ ಮನೆಗೆ ಬಂದದ್ದೇ ತಡ, ಕತ್ತರಿ ಹಿಡಿದೇ ಎದ್ದರು.

“ಪರೀಕ್ಷೆ ಬೇಡ ಅಂದಿರಲಿಲ್ವಾ?”

“ನೀನು ಮನೆಯೊಳಗೆ ಬೇಡ ಅಂದಿದ್ದೆ. ಐಸ್ ಕಾರ್ಖಾನೆ ಮನೆಯೊಳಗೆ ಇಲ್ಲವಲ್ಲ.”

“ಈಗ ಇಡೀ ಬೀದಿಗೆ ನೀವು ರೋಗಿ! ನಾನೇನು ಹೇಳ್ಲಿ?”

“ಏನೂ ಹೇಳ್ಬೇಡ. ಮಾತಾಡಿದ್ರೆ ತಾನೇ ಪ್ರವಾಸ ಹಾಳಾಗೋದು.”

ಅವರು ಏನೂ ಹೇಳದಷ್ಟೂ ರೋಗ ಉಲ್ಬಣಿಸಿತು. ಮಹಡಿಗೆ ಮುಲಾಮು ಬಂತು, ಎಣ್ಣೆ ಬಂತು, ಯಾರೋ ತೀರಿಹೋದವರ ಊರುಗೋಲು ಬಂತು. ಹೊರಡಲು ಮೂರು ದಿನವಿದೆ ಎನ್ನುವಾಗ ಕಚೇರಿಯ ಸಾಹೇಬರೇ ಉಗ್ರಾಣಕ್ಕೆ ಬಂದರು. ಹನ್ನೊಂದು ವರ್ಷದಲ್ಲಿ ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ವಿಹಾರಿಗಳ ಪಾಲಿಗೆ ಸಿಂಹವಾದ ಅವರ ಕರುಳು ರೋಗಿಗಳನ್ನು ಕಂಡರೆ ಬೆಣ್ಣೆ. ಬಗ್ಗಿ ಬೂಟನ್ನು ನೋಡಿ ನಿಟ್ಟುಸಿರುಬಿಟ್ಟರು.

“ಯಾಕ್ರೀ ನನಗೆ ಹೇಳ್ಲಿಲ್ಲ?”

“ಹೇಳಬಾರದು ಅಂತ ಮನೇಲಿ ಮಾತು ತೊಗೊಂಡಿದ್ದಾಳೆ ಸಾರ್.”

“ಎಂಥಾ ಹೆಣ್ಣುಮಗಳು! ಅದಕ್ಕೇ ಸ್ವಂತ ಕೆಲಸ ಅಂತ ಬರ್ದಿರಿ.”

“ಸ್ವಂತದ್ದೇ ಸಾರ್.”

“ಗೊತ್ತು ಬಿಡಿ, ನೋವು ಯಾವಾಗಲೂ ಸ್ವಂತದ್ದೇ.” ಸಾಹೇಬರು ಕನ್ನಡಕ ಒರೆಸಿಕೊಂಡರು. “ಪಾದದ ಡಾಕ್ಟ್ರೊಬ್ಬರು ನನ್ನ ಸ್ನೇಹಿತರು. ಮಂಗಳವಾರ ಹತ್ತು ಗಂಟೆಗೆ ಸಮಯ ಕೊಟ್ಟಿದ್ದಾರೆ. ನಾನೇ ಕಾರು ತೊಗೊಂಡು ಮನೆಗೆ ಬರ್ತೀನಿ.”

ಮಂಗಳವಾರ ಹತ್ತು ಗಂಟೆಗೆ ರೈಲು. ಉಗ್ರಾಣಿಗಳು ತಟ್ಟನೆ “ಬೇಡ ಸಾರ್” ಎಂದರು. ಸಂಕೋಚ ಬೇಡ ಎಂದರು ಸಾಹೇಬರು. ಉಗ್ರಾಣಿಗಳು ಮತ್ತೆ ಬೇಡ ಎಂದರು. ಸಾಹೇಬರ ಕಣ್ಣು ಒದ್ದೆಯಾಯಿತು. ಮೂರನೇ ಸಲ ಬೇಡ ಎನ್ನುವಷ್ಟರಲ್ಲಿ ಸಾಹೇಬರು ಅವರ ಹೆಗಲು ತಟ್ಟಿ, ಕಚೇರಿಯವರೂ ನಾಲ್ಕು ಜನ ಬರಲಿ, ಧೈರ್ಯಕ್ಕೆ ಇರುತ್ತದೆ ಎಂದು ತೀರ್ಮಾನಿಸಿದರು.

ಮಂಗಳವಾರ ಬೆಳಿಗ್ಗೆ ಮನೆಯ ಮುಂದೆ ಒಂದು ಟ್ಯಾಕ್ಸಿ, ಅದರ ಹಿಂದೆ ಸಾಹೇಬರ ಕಾರು, ನಡುವೆ ಅರ್ಧ ಬೀದಿ. ಟೈಪಿಸ್ಟಮ್ಮ ಗಾಲಿಕುರ್ಚಿಯನ್ನೇ ತರಿಸಿದ್ದರು. ಉಗ್ರಾಣಿಗಳು ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದಾಗ ಸಾಹೇಬರು ಓಡಿಬಂದು ತೋಳು ಹಿಡಿದುಕೊಂಡರು. ಗಡಿಯಾರದಲ್ಲಿ ಒಂಬತ್ತೂಕಾಲು. ಹೆಂಡತಿಯ ಆ ಮೆಲುದನಿ ಉಗ್ರಾಣಿಗಳ ಕಿವಿಯಲ್ಲಿ ಕೂತಿತ್ತು. ರಜೆ ಹೋದರೆ ಹೋಗಲಿ, ನೌಕರಿಗೆ ಕುತ್ತು ಬಂದರೆ ಬರಲಿ ಎಂದು ಬಾಯಿ ತೆರೆದರು.

“ಸಾರ್, ನಿಜ ಹೇಳ್ಬೇಕು ಅಂದ್ರೆ…”

“ಮಾತಾಡ್ಬೇಡಿ, ಆಯಾಸ ಆಗುತ್ತೆ.”

“ಇಲ್ಲ ಸಾರ್, ಈ ಕಾಲು…”

“ಕಾಲಿನ ವಿಷಯ ಡಾಕ್ಟ್ರಿಗೆ ಬಿಡಿ.”

ಆಗ ಮೆಟ್ಟಿಲ ಮೇಲೆ ಧಡ್ ಧಡ್ ಎಂದು ಸದ್ದಾಯಿತು. ಹೆಂಡತಿ ಕೈಚೀಲ ಹಿಡಿದು ಇಳಿಯುತ್ತಿದ್ದರು. ಎಲ್ಲರ ಕಣ್ಣೂ ಆಕೆಯ ಮುಖ ನೋಡಿ, ಹಾಗೇ ಕೆಳಗಿಳಿದು, ಪಾದದಲ್ಲಿ ನಿಂತವು. ಅದೇ ಕಂದು ಬಣ್ಣ, ಅದೇ ಅಟ್ಟೆ, ಅದೇ ಬೂಟು.

“ಅಯ್ಯೋ, ಇವಳಿಗೂ ಹತ್ಕೊಂಡಿತಲ್ಲಪ್ಪಾ!” ಎಂದು ದೊಡ್ಡಮ್ಮ ಚೀರಿದರು.

ಬೀದಿ ಎರಡು ಹೆಜ್ಜೆ ಹಿಂದೆ ಸರಿಯಿತು. ಟೈಪಿಸ್ಟಮ್ಮ ನಾಲ್ಕು ಹೆಜ್ಜೆ ಸರಿದು ಗಾಲಿಕುರ್ಚಿಯನ್ನು ಅಡ್ಡ ಹಿಡಿದರು. ಸಾಹೇಬರು ಉಗ್ರಾಣಿಗಳ ತೋಳನ್ನು ಬಿಟ್ಟು, ಕರವಸ್ತ್ರ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡರು.

“ಟ್ಯಾಕ್ಸಿ ಹೇಗೂ ಬಂದಿದೆಯಲ್ಲ,” ಎಂದರು ದೂರದಿಂದ. “ಇಬ್ರೂ ಅದರಲ್ಲೇ ಹೋಗೋದು ಒಳ್ಳೇದು. ಎಷ್ಟು ದಿನ ಬೇಕಾದ್ರೂ ತೊಗೊಳ್ಳಿ. ಬರೋಕೆ ಆತುರ ಮಾಡ್ಬೇಡಿ. ಇಬ್ಬರಿಗೂ ದೊಡ್ಡಾಸ್ಪತ್ರೆಯೇ ಸರಿ, ಡಾಕ್ಟ್ರಿಗೆ ಬರೋದಿಲ್ಲ ಅಂತ ನಾನೇ ಫೋನ್ ಮಾಡಿ ಹೇಳ್ತೀನಿ.”

ಯಾರೂ ಅಡ್ಡ ಬರಲಿಲ್ಲ. ರೈಲು ಸಿಕ್ಕಿತು. ಪೆಟ್ಟಿಗೆಯ ಬೀಗವನ್ನು ಉಗ್ರಾಣಿಗಳು ಮುಟ್ಟಲಿಲ್ಲ. ಮುಟ್ಟುವಂತೆಯೂ ಇರಲಿಲ್ಲ, ಹೆಂಡತಿ ಅದರ ಮೇಲೇ ಕೂತಿದ್ದರು.

ಹಿಮದ ಬೆಟ್ಟದ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು. ಬೂಟನ್ನು ಬಾಗಿಲಲ್ಲೇ ಬಿಡಬೇಕು, ಒಳಗೆಲ್ಲ ಅವರೇ ಕೊಡುವ ಮೆತ್ತನೆಯ ಚಪ್ಪಲಿ. ಹೀಗೆ ಇಪ್ಪತ್ತೆರಡು ಗಂಟೆಗೆಂದು ಪಳಗಿದ ಬೂಟಿಗೆ ದಿನಕ್ಕೆ ಎರಡೇ ಗಂಟೆ ಕೆಲಸ ಸಿಕ್ಕಿತು. ಹೆಂಡತಿ ಅಲ್ಲಿ ಕೊಟ್ಟ ಸ್ಕೀ ಬೂಟು ಹಾಕಿ ಇಳಿಜಾರು ಹತ್ತಿದಾಗಿನಿಂದ ಇಳಿಯುವ ತನಕ ಉಗ್ರಾಣಿಗಳು ಕೆಳಗೆ ಹಿಮದಲ್ಲಿ ನೀಲಿ ಪುಸ್ತಕ ಹಿಡಿದು ನಿಂತಿರುತ್ತಿದ್ದರು. ಏನು ಬರೆದುಕೊಳ್ಳುತ್ತಾರೆಂದು ಆಕೆ ಕೇಳಲಿಲ್ಲ. ಬೂಟಿನ ವಿಷಯ ಇರಬೇಕು ಎಂದುಕೊಂಡರು.

ವಾಪಸು ಬಂದ ಮರುದಿನ ಸಂಜೆ ನೋಡಲು ಜನ ಬಂದರು. ಸಾಹೇಬರು, ಟೈಪಿಸ್ಟಮ್ಮ, ದೊಡ್ಡಮ್ಮ. ಮೂವರೂ ಕುರ್ಚಿಗಳನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು, ಚಹಾ ಬೇಡವೆಂದು ಮೊದಲೇ ಹೇಳಿ, ತುದಿಯಲ್ಲಿ ಕೂತರು.

“ಈಗ ಹೇಗಿದೆ?” ಎಂದು ಸಾಹೇಬರು ಕೇಳಿದರು.

ಹೆಂಡತಿ ತುಟಿ ಬಿಗಿಹಿಡಿದರು. ಬಿಗಿಹಿಡಿದು ಬಿಗಿಹಿಡಿದು ಕೊನೆಗೆ ತಡೆಯಲಾಗದೆ ಎದ್ದು ನಿಂತರು.

“ನಾನು ಹಿಮದ ಮೇಲೆ ಜಾರ್ದೆ!”

“ಎಲ್ಲಿಗೆ ಪೆಟ್ಟಾಯ್ತು ಮಗಳೇ?”

“ಪೆಟ್ಟಲ್ಲ ದೊಡ್ಡಮ್ಮ. ಬೆಟ್ಟದ ಮೇಲಿಂದ ಕೆಳಗಿನ ತನಕ, ನಾನೊಬ್ಬಳೇ, ಗಾಳಿ ಹಾಗೆ ಬಂದೆ. ಹನ್ನೊಂದನೇ ಸಲ ಬೀಳಲೇ ಇಲ್ಲ!”

ಮೂವರೂ ಮುಖ ಮುಖ ನೋಡಿಕೊಂಡರು. “ಔಷಧಿ ತಲೆಗೇರುತ್ತೆ,” ಎಂದರು ಟೈಪಿಸ್ಟಮ್ಮ ಪಿಸುದನಿಯಲ್ಲಿ, “ನಮ್ಮ ಮಾವನೂ ಕೊನೆಕೊನೆಗೆ ಹಾರ್ತೀನಿ ಅಂತಿದ್ರು.” ಸಾಹೇಬರು ತಲೆಯಾಡಿಸಿ, “ಆಗಲಮ್ಮ, ಜಾರಿದ್ರಿ, ಚೆನ್ನಾಗೇ ಜಾರಿದ್ರಿ. ಈಗ ಸ್ವಲ್ಪ ಮಲಗಿ” ಎಂದರು.

ಹೆಂಡತಿ ಗಂಡನ ಕಡೆ ನೋಡಿದರು. ಆಕೆಯ ಕಣ್ಣು ತುಂಬಿತ್ತು. ಇಪ್ಪತ್ತಾರು ವರ್ಷಕ್ಕೆ ಹೇಳಿಕೊಳ್ಳುವಂಥದ್ದು ಒಂದು ನಡೆದಿತ್ತು, ನಂಬುವವರು ಇರಲಿಲ್ಲ. ಉಗ್ರಾಣಿಗಳು ಎರಡೂ ಕಡೆಯ ಲೆಕ್ಕ ಹಾಕಿದರು. ಬಾಯಿ ಬಿಟ್ಟರೆ ಸಾಹೇಬರ ಕರುಣೆ ಹೋಗಿ ಸಿಟ್ಟು ಬರುತ್ತದೆ. ಬಿಡದಿದ್ದರೆ ಈಕೆ ಇನ್ನು ಚೀಟಿ ತುಂಬುವುದಿಲ್ಲ. ಎದ್ದು ಒಳಗೆ ಹೋಗಿ ನೀಲಿ ಪುಸ್ತಕ ತಂದರು. ಕನ್ನಡಕ ಏರಿಸಿ, ತಪಾಸಣೆಗೆ ಬಂದವರ ಮುಂದೆ ಓದುವ ದನಿಯಲ್ಲಿ ಓದತೊಡಗಿದರು.

“ಮೊದಲನೇ ಸಲ. ನಿಂತಲ್ಲೇ ಬಿದ್ದಳು. ಫೇಲು. ಎರಡನೇ ಸಲ. ನಾಲ್ಕು ಮಾರು ಹೋಗಿ ಬಿದ್ದಳು. ಕಲಿಸುವವನನ್ನೂ ಬೀಳಿಸಿದಳು. ಫೇಲು. ಆರನೇ ಸಲ. ಬೀಳಲಿಲ್ಲ, ಆದರೆ ನಿಲ್ಲಲೂ ಇಲ್ಲ. ಬೇಲಿ ನಿಲ್ಲಿಸಿತು. ಫೇಲು. ಒಂಬತ್ತನೇ ಸಲ. ಬಿದ್ದು ಅತ್ತಳು. ಸಾಕು ಬಾ ಎಂದು ಕೂಗಿದೆ. ಬರಲಿಲ್ಲ, ಮತ್ತೆ ಹತ್ತಿದಳು. ಫೇಲು.” ಇಲ್ಲಿ ಉಗ್ರಾಣಿಗಳು ಹಾಳೆ ತಿರುವಿದರು. “ಹನ್ನೊಂದನೇ ಸಲ. ಮೇಲಿಂದ ಕೆಳಗಿನ ತನಕ. ತಾನೇ ಹೊರಟಳು, ತಾನೇ ತಿರುಗಿದಳು, ತಾನೇ ನಿಂತಳು. ನಕ್ಕಳು. ಪಾಸು.”

ಮನುಷ್ಯ ತಪ್ಪು ಹೇಳಬಹುದು, ಆದರೆ ಮೂವತ್ತೊಂದು ವರ್ಷದಲ್ಲಿ ಕಣ್ಣಾರೆ ನೋಡದ ಯಾವುದಕ್ಕೂ ಉಗ್ರಾಣಿಗಳು ‘ಪಾಸು’ ಎಂದು ಬರೆದವರಲ್ಲ ಎಂಬುದು ಇಡೀ ಊರಿಗೆ ಗೊತ್ತು. ಸಾಹೇಬರು ಕೈ ಚಾಚಿ ಪುಸ್ತಕ ತೆಗೆದುಕೊಂಡರು.

“ರುಜು ಇದೆ,” ಎಂದರು ಮೆಲ್ಲಗೆ. “ಹಾಗಾದ್ರೆ ಕಾಲು?”

“ಕಾಲಿಗೆ ಮೊದಲಿಂದಲೂ ಏನೂ ಆಗಿಲ್ಲ ಸಾರ್. ಬೂಟಿನ ಪರೀಕ್ಷೆ ನಡೀತಿತ್ತು.”

ಸಾಹೇಬರು ಹಿಂದಿನ ಹಾಳೆಗಳನ್ನು ತಿರುವಿದರು. ತೊಟ್ಟಿ, ನಲವತ್ತೈದು ನಿಮಿಷ, ಸೋರಿಕೆ ಇಲ್ಲ. ಮಂಜುಗಡ್ಡೆ, ಎಂಟು ಹೆಜ್ಜೆ, ಜಾರುವಿಕೆ ಇಲ್ಲ. ಅವರ ಮುಖ ಕೆಂಪಾಯಿತು, ಆಮೇಲೆ ತುಟಿಯ ತುದಿಯಲ್ಲಿ ನಗು ಇಣುಕಿತು. ಜೇಬಿನಿಂದ ಪೆನ್ನು ತೆಗೆದರು. ಸಾಹೇಬರು ಹನ್ನೊಂದನೇ ಸಲದ ಎದುರು, ಮೇಲಧಿಕಾರಿಗಳ ಜಾಗದಲ್ಲಿ, ತಮ್ಮ ರುಜು ಹಾಕಿದರು. ಅದರ ಕೆಳಗೆ ಒಂದು ಸಾಲನ್ನೂ ಬರೆದರು: ‘ಕಚೇರಿಯ ತೊಟ್ಟಿಯಲ್ಲಿ ಇನ್ನು ಮುಂದೆ ಯಾರೂ ನಿಲ್ಲತಕ್ಕದ್ದಲ್ಲ.’

ದೊಡ್ಡಮ್ಮ ಕುರ್ಚಿಯನ್ನು ಬಾಗಿಲಿಂದ ಎತ್ತಿ ತಂದು ಹೆಂಡತಿಯ ಮೊಣಕಾಲಿಗೆ ತಾಗುವಂತೆ ಹಾಕಿಕೊಂಡರು. “ಚಹಾ ಆಮೇಲೆ ಮಾಡುವೆಯಂತೆ. ಆ ಬೇಲಿ ವಿಷಯ ಹೇಳು” ಎಂದರು. ಟೈಪಿಸ್ಟಮ್ಮನ ಕುರ್ಚಿಯೂ ಹಿಂದೆಯೇ ಬಂತು.

ಆ ವಾರ ದಾರದ ಉಂಡೆ ಕೊಳ್ಳಲು ಗಂಡ ಹೆಂಡತಿ ಅಂಗಡಿಗೆ ಹೋದಾಗ ಮೇಜಿನ ಮೇಲೆ ಇನ್ನೊಂದು ಚೀಟಿಯ ಡಬ್ಬ ಇತ್ತು. ಯಾವ ಬಹುಮಾನ ಎಂದು ಕೂಡ ಓದದೆ ಹೆಂಡತಿ ಚೀಟಿ ತುಂಬಿ ಒಳಗೆ ಹಾಕಿದರು. ಉಗ್ರಾಣಿಗಳು ಅತ್ತ ಇತ್ತ ನೋಡಿ, ಡಬ್ಬದ ಮುಚ್ಚಳ ಗಟ್ಟಿಯಾಗಿದೆಯೋ ಎಂದು ಒಂದು ಸಲ ಅಲ್ಲಾಡಿಸಿದರು.